ಕಣ್ಣೊಳಗಿನ ಕನ್ನಡಕ

ಕನ್ನಡಕದಿಂದ ಬಿಡುಗಡೆ ಬಯಸಿ ನೀವು ನೇತ್ರತಜ್ಞರ ಬಳಿ ಹೋಗಿರುತ್ತೀರಿ. ಪರೀಕ್ಷಿಸಿದ ವೈದ್ಯರು ‘ಪವರ್ ಬಹಳ ಹೆಚ್ಚಿದೆ, ಕಾರ್ನಿಯಾ ತೆಳುವಾಗಿದೆ, ಲೇಸರ್ ಬೇಡ’ ಎನ್ನುತ್ತಾರೆ. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಲೇಸರ್ ಅದನ್ನು ಸವೆಸಿ ಆಕಾರ ತಿದ್ದುತ್ತದೆ. ಸವೆಸಲು ದಪ್ಪವೇ ಇಲ್ಲದಿದ್ದರೆ? ಬೇರೆ ದಾರಿಗಳಿವೆ. ಆದರೆ ಅವು ನಡೆದು ಬಂದ ಚರಿತ್ರೆಯನ್ನು ತಿಳಿದು ನಿರ್ಧರಿಸುವುದು ಒಳ್ಳೆಯದು.

ಲೇಸರ್ ಬರುವುದಕ್ಕೆ ಬಹಳ ಮುಂಚೆಯೇ ಈ ಪ್ರಯತ್ನಗಳು ಆರಂಭವಾಗಿದ್ದವು. 1890ರ ಸುಮಾರಿಗೆ ಆಸ್ಟ್ರಿಯಾದ ವಿನ್ಸೆನ್ಸ್ ಫುಕಾಲಾ, ತೀವ್ರ ಸಮೀಪದೃಷ್ಟಿ ಇದ್ದವರ ಕಣ್ಣಿನ ಸಹಜ ಮಸೂರವನ್ನೇ ಹೊರತೆಗೆದರು. ದೂರದ ನೋಟವೇನೋ ಸುಧಾರಿಸಿತು. ಆದರೆ ಕೆಲವರಲ್ಲಿ ಕಣ್ಣಿನ ಹಿಂಭಾಗದ ರೆಟಿನಾ ಕಳಚಿಕೊಂಡಿತು. ಆ ಪದ್ಧತಿ ಮೂಲೆಗೆ ಸರಿಯಿತು.

1930ರ ದಶಕದ ಕೊನೆಯಲ್ಲಿ ಜಪಾನಿನ ತ್ಸುತೋಮು ಸಾಟೋ ಕಾರ್ನಿಯಾದ ಒಳಬದಿಯಿಂದ ಗೀರು ಹಾಕಿ ಅದನ್ನು ಚಪ್ಪಟೆಗೊಳಿಸಿದರು. ಕಾರ್ನಿಯಾವನ್ನು ತಿಳಿಯಾಗಿಡುವ ಒಳಪದರದ ಜೀವಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ ಎಂಬ ಅರಿವು ಆಗ ಇರಲಿಲ್ಲ. ಹಲವಾರು ವರ್ಷಗಳ ನಂತರ ಅನೇಕರ ಕಾರ್ನಿಯಾ ಊದಿಕೊಂಡು ಮಬ್ಬಾಯಿತು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೋದೊರೊವ್ ಹೊರಬದಿಯಿಂದ ಮಾತ್ರ ಗೀರು ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅಮೆರಿಕದ ಅಧ್ಯಯನವೊಂದರ ಹತ್ತು ವರ್ಷಗಳ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ಶೇಕಡಾ 43ರಷ್ಟು ಕಣ್ಣುಗಳು ದೂರದೃಷ್ಟಿಯ ಕಡೆಗೆ ಒಂದು ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ವಾಲಿದ್ದವು.

ಈ ನಡುವೆ ಇನ್ನೊಂದು ದಾರಿ ತೆರೆದಿತ್ತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ಸಹಿಸಿಕೊಳ್ಳುವುದನ್ನು ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆದ ರೋಗಿಗೆ ಅಳವಡಿಸಿದರು. ಹಿರಿಯ ವೈದ್ಯರು ಕಟುವಾಗಿ ವಿರೋಧಿಸಿದರು. ಅವರಿಗೆ ‘ಸರ್’ ಪದವಿ ದೊರೆತದ್ದು 2000ದಲ್ಲಿ. ಇಂದು ನಿಮ್ಮ ಮನೆಯ ಹಿರಿಯರ ಪೊರೆ ತೆಗೆದು ಇಡುವ ಮಸೂರ ಆ ಸಾಹಸದ ಫಲವೇ.

ಸಹಜ ಮಸೂರವನ್ನು ತೆಗೆಯದೆ ಇನ್ನೊಂದನ್ನು ಸೇರಿಸಬಾರದೇಕೆ? 1953ರಲ್ಲಿ ಇಟಲಿಯ ಬೆನೆದೆತ್ತೊ ಸ್ತ್ರಂಪೆಲ್ಲಿ ಅದಕ್ಕೂ ಕೈಹಾಕಿದರು. ಆ ಮಸೂರಗಳು ಕಾರ್ನಿಯಾದ ಒಳಪದರವನ್ನು ಕೆಡಿಸಿದ್ದರಿಂದ ಅನೇಕವನ್ನು ಹೊರತೆಗೆಯಬೇಕಾಯಿತು. 1986ರಲ್ಲಿ ಫ್ಯೋದೊರೊವ್ ಮಸೂರವನ್ನು ಇನ್ನಷ್ಟು ಹಿಂದಕ್ಕೆ ಸರಿಸಿದರು. ಆ ಜಾಡಿನಲ್ಲೇ ಬೆಳೆದ, ಮಡಚಿ ಒಳಗಿಡಬಹುದಾದ ‘ಐ.ಸಿ.ಎಲ್.’ ಮಸೂರಕ್ಕೆ 2005ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಪಾಪೆಯ ಸುತ್ತಲಿನ ಬಣ್ಣದ ಪರದೆಯ ಹಿಂದೆ, ಸಹಜ ಮಸೂರದ ಮುಂದೆ ಅದು ಕೂರುತ್ತದೆ. ಬೇಕೆಂದರೆ ಹೊರತೆಗೆಯಲೂ ಬಹುದು. ಆದರೂ ಕಣ್ಣಿನ ಒತ್ತಡ ಏರುವ, ಬೇಗ ಪೊರೆ ಬರುವ ಅಪಾಯ ಪೂರ್ತಿ ಇಲ್ಲವಾಗಿಲ್ಲ.

ಈ ಕಥೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನದ ಸಂತೋಷ ನಿಜ. ಆದರೆ ಅದರ ತೀರ್ಪು ಬರುವುದು ವರ್ಷಗಳ ನಂತರ. ಆದ್ದರಿಂದ ‘ನಾಳೆ ಎಷ್ಟು ಕಾಣುತ್ತದೆ?’ ಎಂದು ಮಾತ್ರ ಕೇಳಬೇಡಿ. ‘ಹತ್ತು ವರ್ಷಗಳ ನಂತರ ಹೇಗಿರುತ್ತದೆ? ಮಸೂರಕ್ಕೆ ಒಳಗೆ ಜಾಗ ಸಾಕಷ್ಟಿದೆಯೇ? ಕಾರ್ನಿಯಾದ ಜೀವಕೋಶಗಳ ಎಣಿಕೆ ಎಷ್ಟಿದೆ?’ ಎಂದೂ ಕೇಳಿ. ಕನ್ನಡಕ ಹೋದರೂ ಸಮೀಪದೃಷ್ಟಿಯ ಕಣ್ಣಿನ ರೆಟಿನಾ ಮೊದಲಿನಂತೆಯೇ ದುರ್ಬಲವಾಗಿರುತ್ತದೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದನ್ನು ಮರೆಯಬೇಡಿ.