ನೂರ ನಲವತ್ತನಾಲ್ಕರಲ್ಲಿ ಒಂದು ಪಾಲು: ಕಾರವಾರದ ಟುಪೊಲೆವ್ ಮತ್ತು ಅದರ ಕಿಟ್ ಬಗ್ಗೆ ಒಂದು ಟಿಪ್ಪಣಿ

ಗೋಕರ್ಣದ ದಕ್ಷಿಣಕ್ಕಿರುವ ಓಂ ಬೀಚಿನ ಮರಳಿನ ಮೇಲೆ ನಿಂತವರಿಗೆ ಆ ಹೆಸರಿನ ಅರ್ಥ ಸಿಗುವುದಿಲ್ಲ. ಅಲ್ಲಿಂದ ಕಾಣುವುದು ಎರಡು ಅರ್ಧಚಂದ್ರದ ದಂಡೆ, ನಡುವೆ ಕಡಲಿಗೆ ಮೂಗು ಚಾಚಿದ ಬಂಡೆಗಳು, ಅಷ್ಟೆ. ಗುಡ್ಡ ಹತ್ತಿ ಹಿಂತಿರುಗಿ ನೋಡಿದರೆ ಓಂಕಾರದ ಬಳುಕು ಮೂಡುತ್ತದೆ. (ಅದು ನಾಗರಿಯ ಓಂಕಾರ; ಕನ್ನಡದ ‘ಓಂ’ ಅನ್ನು ಹುಡುಕುವವರು ಬರಿಗೈಲಿ ಮರಳಬೇಕು.) ಆಕಾರವೊಂದು ಕಾಣಬೇಕಾದರೆ ಎಷ್ಟು ದೂರ ನಿಲ್ಲಬೇಕು, ಆ ದೂರಕ್ಕೆ ಯಾವ ವಿವರ ಉಳಿಯುತ್ತದೆ, ಯಾವುದು ಕರಗುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಪ್ರಶ್ನೆ ಹುಟ್ಟಿದ್ದು ಕಡಲತೀರದಿಂದಲ್ಲ, ನನ್ನ ಮೇಜಿನ ಮೇಲಿರುವ, ಕಿಟ್‌ನಿಂದ ಜೋಡಿಸಿದ 1:144 ಅಳತೆಯ ಒಂದು ಪ್ಲಾಸ್ಟಿಕ್ ವಿಮಾನದಿಂದ. ಅದರ ಮೂಲವಸ್ತು ಗೋಕರ್ಣದಿಂದ ಸುಮಾರು ಅರವತ್ತು ಕಿಲೋಮೀಟರ್ ಉತ್ತರಕ್ಕೆ, ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಮಗ್ಗುಲಲ್ಲಿ ನಿಂತಿದೆ.

ಮೊದಲು ಮೂಲವಸ್ತುವಿನ ಪರಿಚಯ. ಅದು ಟುಪೊಲೆವ್ 142 (ಟಿಯು-142), ಜಲಾಂತರ್ಗಾಮಿಗಳನ್ನು ಬೇಟೆಯಾಡುವ ದೂರಗಾಮಿ ವಿಮಾನ. ಭಾರತೀಯ ನೌಕಾಪಡೆ ಇಂಥ ಎಂಟನ್ನು ತರಿಸಿಕೊಂಡಿತು. 1988ರಲ್ಲಿ ಇವು ಗೋವೆಯ ದಾಬೋಲಿಮ್‌ಗೆ ಬಂದಿಳಿದು, ‘ಆಲ್ಬಟ್ರಾಸ್’ ಎಂಬ ಕಡಲಹಕ್ಕಿಯ ಹೆಸರು ಹೊತ್ತ 312ನೇ ದಳದಲ್ಲಿ ಸೇವೆಗೆ ಸೇರಿದವು. 1992ರಲ್ಲಿ ದಳ ತಮಿಳುನಾಡಿನ ಅರಕ್ಕೋಣಂನ ರಾಜಾಳಿ ನೆಲೆಗೆ ಹೋಯಿತು. 2017ರ ಮಾರ್ಚ್ 29ರಂದು ವಿಮಾನಗಳು ನಿವೃತ್ತವಾದವು. ಒಂದು ವಿಶಾಖಪಟ್ಟಣದಲ್ಲಿ ವಸ್ತುಸಂಗ್ರಹಾಲಯವಾಯಿತು. ಇನ್ನೊಂದನ್ನು ಅರಕ್ಕೋಣಂನಲ್ಲೇ ಬಿಚ್ಚಿ, 2023ರಲ್ಲಿ ರಸ್ತೆ ಮಾರ್ಗವಾಗಿ ಕಾರವಾರಕ್ಕೆ ತಂದು ಮತ್ತೆ ಜೋಡಿಸಿದರು. ರೆಕ್ಕೆ ಬೇರೆ, ಒಡಲು ಬೇರೆ, ಬಾಲ ಬೇರೆಯಾಗಿ ಲಾರಿಗಳಲ್ಲಿ ಬಂದು ಸೇರಿದ ಈ ವಿಮಾನವೇ ಒಂದಕ್ಕೊಂದು ಅಳತೆಯ ಕಿಟ್ ಎಂದರೆ ತಪ್ಪಾಗಲಾರದು. ಗೋಂದಿನ ಜಾಗದಲ್ಲಿ ಬೋಲ್ಟು, ಚಿಮುಟದ ಜಾಗದಲ್ಲಿ ಕ್ರೇನು.

ಈಗ ಅಳತೆ. ಟಿಯು-142ಎಂ ಮಾದರಿಗೆ ಸಾಮಾನ್ಯವಾಗಿ ಕೊಡುವ ಉದ್ದ 53.08 ಮೀಟರ್, ರೆಕ್ಕೆಯ ಹರವು 50 ಮೀಟರ್, ಎತ್ತರ 12.12 ಮೀಟರ್. ಇವನ್ನು 144ರಿಂದ ಭಾಗಿಸಿದರೆ ಕ್ರಮವಾಗಿ 368.6, 347.2 ಮತ್ತು 84.2 ಮಿಲಿಮೀಟರ್. ಆದರೆ ಉದ್ದ ಎನ್ನುವುದು ಮೋಸದ ಸಂಖ್ಯೆ. ಮೂಗಿನ ಮೇಲೆ ಇಂಧನ ತುಂಬಿಸಿಕೊಳ್ಳುವ ಕೊಳವೆಯಿದೆ, ಬಾಲದ ತುದಿಯಲ್ಲಿ ಹಿಂದಕ್ಕೆ ಚಾಚಿದ ದಂಡವಿದೆ; ಎಲ್ಲಿಂದ ಎಲ್ಲಿಯವರೆಗೆ ಅಳೆದರೆಂದು ಹೇಳದ ಪುಸ್ತಕಗಳೇ ಹೆಚ್ಚು. ಹಾಗಾಗಿ ಕಿಟ್ಟಿನ ಸಾಚಾತನ ನೋಡಲು ನಾನು ಉದ್ದ ಹಿಡಿಯುವುದಿಲ್ಲ, ಒಡಲಿನ ಸುತ್ತಳತೆಗೆ ಕೈಹಾಕುತ್ತೇನೆ. ಒಡಲು ಉರುಟು, ಅದರ ವ್ಯಾಸ 2.9 ಮೀಟರ್. ಕ್ಯಾಲಿಪರ್‌ನ ಬಾಯಿಗೆ ಅದು 20.1 ಮಿಲಿಮೀಟರ್ ಸಿಗಬೇಕು. ಅದು ಸರಿಯಿದ್ದರೆ ಉಳಿದದ್ದನ್ನು ತಿದ್ದಿಕೊಳ್ಳಬಹುದು. ತಪ್ಪಿದ್ದರೆ ಎಷ್ಟು ಉಪ್ಪುಕಾಗದ ತಿಕ್ಕಿದರೂ ಪ್ರಯೋಜನವಿಲ್ಲ.

ಈ 2.9 ಮೀಟರ್ ಎಲ್ಲಿಂದ ಬಂತು ಎಂಬುದು ಸ್ವಲ್ಪ ನಿಂತು ನೋಡಬೇಕಾದ ಸಂಗತಿ. 1944ರಲ್ಲಿ ಜಪಾನಿನ ವಿರುದ್ಧ ದಾಳಿಗೆ ಹೋಗಿದ್ದ ಅಮೆರಿಕದ ಬೋಯಿಂಗ್ ಬಿ-29 ವಿಮಾನಗಳಲ್ಲಿ ಕೆಲವು ಸೋವಿಯತ್ ನೆಲದಲ್ಲಿ ಇಳಿಯಬೇಕಾಗಿ ಬಂತು. ಸ್ಟಾಲಿನ್ ಅವನ್ನು ಹಿಂದಿರುಗಿಸದೆ ನಕಲು ಮಾಡಲು ಆಜ್ಞೆಯಿತ್ತರು. ಕೆಲಸ ಆಂದ್ರೇಯ್ ಟುಪೊಲೆವ್ ಅವರ ಕಚೇರಿಗೆ ಬಿತ್ತು. ಒಂದನ್ನು ಬಿಡಿಬಿಡಿಯಾಗಿ ಬಿಚ್ಚಿ, ಪ್ರತಿ ಭಾಗವನ್ನು ಅಳೆದು, ತೂಗಿ, ಚಿತ್ರ ಬರೆದರು. ಒಂದನ್ನು ಹಾರಿಸಿ ನೋಡಿದರು. ಇನ್ನೊಂದನ್ನು ಹೋಲಿಕೆಗೆಂದು ಮುಟ್ಟದೆ ಇಟ್ಟರು. ಕಿಟ್ ಕಟ್ಟುವವರು ಎರಡು ಡಬ್ಬಿ ಕೊಂಡು, ಒಂದನ್ನು ಕೆಡಿಸಿ ಕಲಿಯಲು, ಇನ್ನೊಂದನ್ನು ಕಟ್ಟಲು ಇಟ್ಟುಕೊಳ್ಳುವುದನ್ನು ಇದು ನೆನಪಿಸುತ್ತದೆ. ತೊಡಕು ಬಂದದ್ದು ತಗಡಿನಲ್ಲಿ. ಅಮೆರಿಕದವರ ಅಲ್ಯೂಮಿನಿಯಂ ತಗಡು ಇಂಚಿನ ಲೆಕ್ಕದ್ದು. ಇಂಚಿನ ಹದಿನಾರನೇ ಒಂದು ಭಾಗವೆಂದರೆ 1.5875 ಮಿಲಿಮೀಟರ್. ಮೆಟ್ರಿಕ್ ಕಾರ್ಖಾನೆಯಲ್ಲಿ ಅಂಥ ತಗಡೇ ಇಲ್ಲ. ತೆಳುವಾದದ್ದನ್ನು ಹಾಕಿದರೆ ಬಲ ಸಾಲದು, ದಪ್ಪದ್ದನ್ನು ಹಾಕಿದರೆ ತೂಕ ಏರುತ್ತದೆ. ಎಲ್ಲಿ ತೆಳು, ಎಲ್ಲಿ ದಪ್ಪ ಎಂದು ಭಾಗಭಾಗಕ್ಕೂ ಬೇರೆ ತೀರ್ಮಾನ ಮಾಡಬೇಕಾಯಿತು. ಹೊರನೋಟಕ್ಕೆ ಅವಳಿ, ಒಳಗೆ ಹೊಸ ವಿಮಾನ. ಎಂಜಿನ್ನುಗಳೂ ಫಿರಂಗಿಗಳೂ ಸೋವಿಯತ್ತಿನವೇ. ಟಿಯು-4 ಎಂಬ ಹೆಸರು ಪಡೆದ ಈ ನಕಲು 1947ರ ಆಗಸ್ಟ್ 3ರಂದು ತುಶಿನೊದ ವಿಮಾನ ಪ್ರದರ್ಶನದಲ್ಲಿ ಸಾರ್ವಜನಿಕರ ಕಣ್ಣಿಗೆ ಬಿತ್ತು. ಮೂಲದಲ್ಲಿ ತಪ್ಪಾಗಿ ಕೊರೆದ ತೂತನ್ನೂ ನಕಲುಗಾರರು ಬಿಡದೆ ಕೊರೆದರೆಂಬ ಕತೆ ಬಹಳ ಓಡಾಡುತ್ತದೆ. ಚೆಂದದ ಕತೆ, ಕತೆಯಾಗಿಯೇ ಇರಲಿ.

ಆ ಟಿಯು-4ರ ಒಡಲಿನ ವ್ಯಾಸವನ್ನೇ 1952ರಲ್ಲಿ ಹಾರಿದ ಟಿಯು-95 ಉಳಿಸಿಕೊಂಡಿತು, ಅದರಿಂದ 1968ರಲ್ಲಿ ಹುಟ್ಟಿದ ಟಿಯು-142ಕ್ಕೂ ಅದು ಬಳುವಳಿಯಾಗಿ ಬಂತು. ಹಿಂದಕ್ಕೆ ಬಾಗಿದ ರೆಕ್ಕೆ ಬಂತು, ನಾಲ್ಕು ಕುಜ್ನೆತ್ಸೊವ್ ಟರ್ಬೊಪ್ರಾಪ್ ಎಂಜಿನ್ನು ಬಂತು. ಒಡಲಿನ ಉರುಟು ಮಾತ್ರ ಕದಲಲಿಲ್ಲ. ಕಾರವಾರದ ದಂಡೆಯ ಮೇಲೆ ನಿಂತಿರುವ ಸೋವಿಯತ್ ವಿಮಾನದ ಹೊಟ್ಟೆಯಲ್ಲಿ ಸಿಯಾಟಲ್‌ನ ಬೋಯಿಂಗ್ ನಕ್ಷೆಗಾರನೊಬ್ಬನ ಕಂಪಾಸು ಎಳೆದ ವೃತ್ತವಿದೆ. ನನ್ನ ಮೇಜಿನ ಮೇಲಿನ 20.1 ಮಿಲಿಮೀಟರೂ ಅದೇ ವೃತ್ತದ ಮರಿ.

ಹಸ್ತಪ್ರತಿ ಓದಿ ಅಭ್ಯಾಸವಿರುವವರಿಗೆ ಇದು ಪರಿಚಿತ ಲೋಕ. ಮೂಲಪ್ರತಿ, ಅದರ ಪ್ರತಿ, ಪ್ರತಿಯ ಪ್ರತಿ, ನಡುವೆ ಲಿಪಿಕಾರನ ಜಾಣತನ. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಬರೆದಾಗ ಅವರ ಮುಂದಿದ್ದದ್ದು ಓಲೆಗರಿ. ಆದರೂ ಕಿಟ್ಟಿನ ಡಬ್ಬಿ ತೆರೆದಾಗಲೆಲ್ಲ ನನಗೆ ಆ ಶಿಸ್ತಿನ ನೆನಪಾಗುತ್ತದೆ. ಡಬ್ಬಿಯ ಮೇಲಿನ ಚಿತ್ರ, ಒಳಗಿನ ಅಚ್ಚು, ಛಾಯಾಚಿತ್ರ, ನಿಂತಿರುವ ವಿಮಾನ ಇವೆಲ್ಲ ಒಂದೇ ಕೃತಿಯ ಬೇರೆ ಬೇರೆ ಪಾಠಗಳು. ಯಾವುದನ್ನೂ ಪೂರ್ತಿ ನಂಬುವಂತಿಲ್ಲ.

ಉದಾಹರಣೆಗೆ, ಚೀನಾದ ಟ್ರಂಪೆಟರ್ ಕಂಪನಿ ತಂದಿರುವುದು ಟಿಯು-142ಎಂಆರ್. ಕಾರವಾರದ ವಿಮಾನಕ್ಕೂ ಇದಕ್ಕೂ ಹೆಸರಲ್ಲಿ ಒಂದೆರಡು ಅಕ್ಷರದ ಅಂತರ, ಕೆಲಸದಲ್ಲಿ ಬಹಳ. ‘ಎಂಆರ್’ ಸಮುದ್ರದಡಿಯ ಸೋವಿಯತ್ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲೆಂದು ಮಾಡಿದ ವಿಮಾನ. ಹಾರುತ್ತಿರುವಾಗ ಕಿಲೋಮೀಟರುಗಟ್ಟಲೆ ಉದ್ದದ ಆಂಟೆನಾ ತಂತಿಯನ್ನು ಕೆಳಗೆ ಬಿಡಲು ಅದರ ಹೊಟ್ಟೆಯಡಿ ಒಂದು ಗೂಡಿದೆ. ಭಾರತಕ್ಕೆ ಬಂದದ್ದು ಟಿಯು-142ಎಂಕೆ-ಇ. ಇದು ಕಿವಿಗೊಟ್ಟು ಹುಡುಕುವ ಬೇಟೆಗಾರ. ತಂತಿಯ ಗೂಡು ಇದಕ್ಕೆ ಬೇಡ. ಅದರ ಬದಲು ಹೊಟ್ಟೆಯಡಿ ಕೊರ್ಶುನ್ ರಾಡಾರಿನ ಉಬ್ಬು ಬೇಕು, ಬಾಲರೆಕ್ಕೆಯ ನೆತ್ತಿಯಿಂದ ಹಿಂದಕ್ಕೆ ಚಾಚಿದ ದಂಡ ಬೇಕು. ನೀರಿನಡಿ ಸಾಗುವ ಉಕ್ಕಿನ ರಾಶಿಯಿಂದ ಭೂಮಿಯ ಕಾಂತಕ್ಷೇತ್ರ ಕೊಂಚ ಕದಡುತ್ತದೆ. ಅದನ್ನು ಹಿಡಿಯುವ ಸಾಧನ ಆ ದಂಡದಲ್ಲಿದೆ. ವಿಮಾನದ ಸ್ವಂತ ಲೋಹದಿಂದ ಆದಷ್ಟು ದೂರವಿರಲೆಂದು ಅದನ್ನು ಅಷ್ಟು ಹಿಂದೆ ಇಟ್ಟಿದ್ದಾರೆ. ಕಿಟ್ಟಿನ ಬಾಲಕ್ಕೆ ನೌಕಾಪಡೆಯ ಗುರುತು ಅಂಟಿಸಿ, ರೆಕ್ಕೆಗೆ ಕೇಸರಿ ಬಿಳಿ ಹಸಿರಿನ ಚಕ್ರ ಹಚ್ಚಿ, ಗೂಡನ್ನು ಹಾಗೇ ಬಿಟ್ಟರೆ ಅದು ಪ್ರಕ್ಷಿಪ್ತ ಪಾಠ. ನಾನು ಗೂಡನ್ನು ಗರಗಸದಿಂದ ಕೊಯ್ದು, ತೂತು ಮುಚ್ಚಿ, ದಂಡವನ್ನು ಕಿಟ್ಟಿನ ಚೌಕಟ್ಟಿನಿಂದಲೇ ಮಾಡಿದೆ. ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಕಾಸಿ, ಮೆತ್ತಗಾದಾಗ ಎರಡೂ ತುದಿ ಹಿಡಿದು ಎಳೆದರೆ ನವುರಾಗಿ ಸಪೂರವಾಗುತ್ತದೆ. ಎಳೆಯುವ ವೇಗ ಹೆಚ್ಚಿದಷ್ಟೂ ಎಳೆ ಸಣ್ಣ. ಆಂಟೆನಾಗಳಿಗೂ ಇದೇ ಉಪಾಯ.

ಪ್ರೊಪೆಲ್ಲರುಗಳಲ್ಲಿ ಅನೇಕರು ಎಡವುತ್ತಾರೆ. ಪ್ರತಿ ಎಂಜಿನ್ನಿಗೆ ಒಂದರ ಹಿಂದೆ ಒಂದರಂತೆ ಎರಡು, ಒಂದೊಂದಕ್ಕೆ ನಾಲ್ಕು ಅಲಗು, ಒಟ್ಟು 32. ಮುಂದಿನದು ಒಂದು ದಿಕ್ಕಿಗೆ, ಹಿಂದಿನದು ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಅಲಗುಗಳ ತಿರುಚು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರಬೇಕು. ಎರಡನ್ನೂ ಒಂದೇ ರೀತಿ ಅಂಟಿಸಿದ ಮಾದರಿ ಹಾರಿದ್ದರೆ, ಒಂದು ಎಳೆಯುವಾಗ ಇನ್ನೊಂದು ತಳ್ಳುತ್ತಿತ್ತು. ಮೂಲದಲ್ಲಿ ಇವುಗಳ ವ್ಯಾಸ 5.6 ಮೀಟರ್, ಮಾದರಿಯಲ್ಲಿ 38.9 ಮಿಲಿಮೀಟರ್.

ಇನ್ನು ದೂರದ ಮಾತು. 1:72ರ ಹಿಂದೆ ಆರು ಅಡಿಗೆ ಒಂದು ಇಂಚು ಎಂಬ ಸರಳ ಲೆಕ್ಕವಿದೆ; 1:144 ಅದರ ಅರ್ಧ. 1942ರಲ್ಲಿ ಅಮೆರಿಕದ ನೌಕಾಪಡೆ, ಶತ್ರು ಯಾರು ಮಿತ್ರ ಯಾರು ಎಂದು ನೆರಳಿನಲ್ಲೇ ಗುರುತಿಸಲು ಕಲಿಸುವುದಕ್ಕಾಗಿ, ಶಾಲಾಮಕ್ಕಳಿಂದ 1:72ರ ಐದು ಲಕ್ಷ ಮರದ ವಿಮಾನಗಳನ್ನು ಕೇಳಿತು. 35 ಅಡಿ ದೂರದಲ್ಲಿ ಹಿಡಿದ ಮಾದರಿ ಸುಮಾರು ಅರ್ಧ ಮೈಲಿ ದೂರದ ವಿಮಾನದಷ್ಟು ಕಾಣುತ್ತದೆ. ಅವುಗಳಲ್ಲಿ ಕಿಟಕಿಯಿಲ್ಲ, ರಿವೆಟ್ ಇಲ್ಲ, ಬರಿಯ ಕಪ್ಪು ಆಕಾರ. ಆ ದೂರಕ್ಕೆ ಅಷ್ಟೇ ನಿಜ.

ನಾನು ಮಾದರಿಯನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡುತ್ತೇನೆ. 144ರಿಂದ ಗುಣಿಸಿದರೆ ಅದು ನಿಜವಾದ ವಿಮಾನವನ್ನು 43 ಮೀಟರ್ ದೂರದಿಂದ ನೋಡಿದಂತೆ. ಒಳ್ಳೆಯ ಕಣ್ಣು ಕೋನದ ಒಂದು ಮಿನಿಟಿನಷ್ಟನ್ನು ಬೇರ್ಪಡಿಸಬಲ್ಲದು. 30 ಸೆಂಟಿಮೀಟರಿನಲ್ಲಿ ಅದು 0.09 ಮಿಲಿಮೀಟರಿಗೆ ಹತ್ತಿರ, ಮೂಲದಲ್ಲಿ ಸುಮಾರು 12.5 ಮಿಲಿಮೀಟರ್. ಅದಕ್ಕಿಂತ ಕಿರಿದಾದ ರಿವೆಟ್ಟಿನ ತಲೆ ಈ ಅಳತೆಯಲ್ಲಿ ಕಾಣಕೂಡದು. ಆದರೂ ರೆಕ್ಕೆಯ ತುಂಬ ರಿವೆಟ್ ಚುಚ್ಚಿ, ತಗಡಿನ ಸಂದುಗಳಿಗೆ ಕಪ್ಪು ತುಂಬಿ, ವಿಮಾನವನ್ನು ಹೊಲಿದ ಕೌದಿಯಂತೆ ಮಾಡುವ ಚಾಳಿ ಹರಡಿದೆ. ನೋಡಲು ಅಂದವೇ, ಪುರಾವೆಯಾಗಿ ನಿಲ್ಲುವುದಿಲ್ಲ. ಬಣ್ಣದ್ದೂ ಇದೇ ಕತೆ. ದೂರ ಹೆಚ್ಚಿದಂತೆ ನಡುವಿನ ಗಾಳಿ ಬಣ್ಣವನ್ನು ಬಿಳಿಚಿಸುತ್ತದೆ, ಆದ್ದರಿಂದ ಕಾರ್ಖಾನೆಯ ಬಣ್ಣವನ್ನೇ ಹಾಗೇ ಬಳಿದರೆ ಮಾದರಿ ಗಾಢವಾಗಿ ಕಾಣುತ್ತದೆ. ಕೊಂಚ ಬಿಳಿ ಬೆರೆಸಬೇಕು. ಎಷ್ಟು ಎಂಬುದಕ್ಕೆ ಸೂತ್ರಗಳಿವೆ. ನನಗೆ ಕಣ್ಣೇ ಸಾಕು.

ಒಂದು ಬೆಳಗ್ಗೆ ಇಳಿತದ ಹೊತ್ತಿಗೆ ಹಗ್ಗ, ಗೂಟ ಹಿಡಿದು ಓಂ ಬೀಚಿನ ಒದ್ದೆ ಮರಳಿನಲ್ಲಿ ಮಾದರಿಯನ್ನು ಮತ್ತೆ 144 ಪಟ್ಟು ಹಿಗ್ಗಿಸಿ ಗೆರೆ ಎಳೆದು ನೋಡಿದೆ. ಒಡಲಿನ ಎರಡು ಗೆರೆಗಳ ನಡುವೆ ಮೂರು ದಾಪುಗಾಲೂ ತುಂಬಲಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಹತ್ತು ಗಂಟೆ ಮೀರಿ ಹಾರುತ್ತಿದ್ದವರ ಬೆನ್ನುಗಳ ಯೋಚನೆ ಆಗ ಬಂತು. ರೆಕ್ಕೆಯ ತುದಿಯಿಂದ ತುದಿಗೆ ಹೋಗುವಾಗ ಮಾತ್ರ ಹಗ್ಗ ಸಾಲದೆ ಎರಡು ಸಲ ಗಂಟು ಹಾಕಬೇಕಾಯಿತು. ಕೆಳಗೆ ನಿಂತಾಗ ಅದು ಅಡ್ಡಾದಿಡ್ಡಿ ಗೀರು. ಗುಡ್ಡದ ಚಿರೆಕಲ್ಲಿನ ಮೇಲೆ ನಿಂತಾಗ ವಿಮಾನ.

ಕಲೆಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಮಾದರಿಗೆ ‘ವಯಸ್ಸು’ ಕೊಡುವವರು ವಸ್ತುಸಂಗ್ರಹಾಲಯದ ಫೋಟೊ ನೋಡಿ ಕಲೆ ಬಳಿಯುತ್ತಾರೆ. ಆದರೆ ಹಾರುವ ವಿಮಾನದ ಮೈಮೇಲೆ ಎಣ್ಣೆ, ಮಸಿ, ನೀರು ಎಲ್ಲ ಮುಂದಿನಿಂದ ಹಿಂದಕ್ಕೆ ಹರಿಯುತ್ತವೆ, ಗಾಳಿಯ ದಿಕ್ಕಿನಲ್ಲಿ. ನಿಂತ ವಿಮಾನದ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಮಳೆಯ ದಿಕ್ಕಿನಲ್ಲಿ. ಉತ್ತರ ಕನ್ನಡದ ಕರಾವಳಿಯಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ಸುರಿಯುತ್ತದೆ. ಅದರ ಕೆಳಗೆ ವರ್ಷಗಟ್ಟಲೆ ನಿಲ್ಲುವ ಯಾವ ಲೋಹದ ಒಡಲೂ ಕಿಟಕಿಯ ಕೆಳಗೆ ಕಣ್ಣೀರಿನ ಗೆರೆಗಳನ್ನು ಪಡೆಯುತ್ತದೆ. 2010ರಲ್ಲಿ ಕಡಲ ಮೇಲೆ ಹಾರುತ್ತಿದ್ದ ವಿಮಾನವೆಂದು ಫಲಕ ಬರೆದು, ಅದಕ್ಕೆ ಕೆಳಕ್ಕಿಳಿದ ಗೆರೆ ಎಳೆದರೆ ಕಾಲದೋಷ. ನಿವೃತ್ತ ವಿಮಾನಗಳನ್ನು ಪ್ರದರ್ಶನಕ್ಕಿಡುವಾಗ ಹೊಸ ಬಣ್ಣ ಬಳಿಯುವ ರೂಢಿಯಿರುವುದರಿಂದ, ಅವುಗಳ ಬಣ್ಣವೂ ಸೇವಾಕಾಲದ ಸಾಕ್ಷಿಯಾಗದು. ಇಂಧನವಿಲ್ಲದ ಒಡಲು ಹಗುರ, ಹಾಗಾಗಿ ಕಾಲುಗಳೂ ಹೆಚ್ಚು ಚಾಚಿಕೊಂಡಿರುತ್ತವೆ. ತುಂಬಿದಾಗ 185 ಟನ್ ತೂಗುವ ವಿಮಾನ ಹೀಗೆ ನಿಲ್ಲುವುದಿಲ್ಲ. ಮಾದರಿಯ ಗಾಲಿಗಳ ತಳವನ್ನು ಒಂದೆಳೆ ಸಪಾಟಾಗಿ ಉಜ್ಜಬೇಕು.

ಮಳೆಗಾಲದಲ್ಲಿ ಇಲ್ಲಿ ಬಣ್ಣ ಹಚ್ಚುವುದು ಬೇರೆಯೇ ಪರೀಕ್ಷೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಮಿರುಗಬೇಕಾದ ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನನ್ನ ಮೊದಲ ಬಾಲರೆಕ್ಕೆ ಆಷಾಢದಲ್ಲಿ ಹೀಗೇ ಹಾಳಾಯಿತು. ಇನ್ನೊಂದು ತಪ್ಪು ಸಿಕ್ಕಿದ್ದು ಬೇರೊಬ್ಬರ ಕೈಗೆ. ಕುಮಟಾ, ಹೊನ್ನಾವರದ ಕಡೆಯ ಗುಡಿಗಾರರು ಗಂಧದ ಮರ ಕೆತ್ತುವುದರಲ್ಲಿ ಹೆಸರಾದವರು, ಬೆಂಡಿನಲ್ಲಿ ಬಾಸಿಂಗ ಮಾಡುವವರು. ಅವರ ಕಸುಬಿನವರೊಬ್ಬರು ನನ್ನ ವಿಮಾನವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ರೆಕ್ಕೆಯ ಹಿಂಬದಿಯ ಅಂಚಿಗೆ ಉಗುರು ತಾಗಿಸಿ ನೋಡಿದರು. “ಇದು ದಪ್ಪಾಯ್ತು” ಎಂದರು. ಮನೆಗೆ ಬಂದು ಕ್ಯಾಲಿಪರ್ ಹಿಡಿದೆ: 0.6 ಮಿಲಿಮೀಟರ್. ಮೂಲದ ಲೆಕ್ಕಕ್ಕೆ ಅದು ಎಂಟೂವರೆ ಸೆಂಟಿಮೀಟರಿಗಿಂತ ಹೆಚ್ಚು, ಯಾವ ವಿಮಾನದ ರೆಕ್ಕೆಯ ಅಂಚೂ ಅಷ್ಟು ಮೊಂಡಾಗಿರುವುದಿಲ್ಲ. ಈಗ ಎರಡೂ ರೆಕ್ಕೆಗಳನ್ನು ಬಿಚ್ಚಿ ಒಳಗಡೆಯಿಂದ ಉಜ್ಜುತ್ತಿದ್ದೇನೆ.