ನಿಧಾನ ಬಿಡುಗಡೆಯ ಸ್ಟಿರಾಯ್ಡ್ (ಧ್ವನಿತಂತು ಚಿಕಿತ್ಸೆ)

ಗಾಯ ಮಾಯುವಾಗ ಧ್ವನಿತಂತು ಕಲೆಗಟ್ಟಿ ಬಿಗಿಯಾಗುವುದನ್ನು ತಡೆಯಲು ಸ್ಟಿರಾಯ್ಡ್ ಔಷಧವನ್ನು ಅದೇ ಜಾಗದಲ್ಲಿ ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಒದಗಿಸುವ, ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿರುವ ವಿಧಾನ. ಮೃದುವಾದ ಧ್ವನಿತಂತು ಮಾತಿನ ವೇಳೆ ಸೆಕೆಂಡಿಗೆ ಸುಮಾರು 100ರಿಂದ 200 ಬಾರಿ ಕಂಪಿಸುತ್ತದೆ. ಶಸ್ತ್ರಚಿಕಿತ್ಸೆ, ಉಸಿರಾಟಕ್ಕಾಗಿ ಗಂಟಲಿಗೆ ತೂರಿಸುವ ಕೊಳವೆ ಅಥವಾ ಉರಿಯೂತದಿಂದ ಗಾಯವಾದರೆ ಕೊಲಾಜೆನ್ ಅಡ್ಡಾದಿಡ್ಡಿಯಾಗಿ ಸೇರಿ ಕಂಪನ ಕುಗ್ಗುತ್ತದೆ, ದನಿ ಒಡೆಯುತ್ತದೆ. ಟ್ರಯಾಮ್ಸಿನೊಲೋನ್, ಡೆಕ್ಸಾಮೆಥಾಸೋನ್ ಚುಚ್ಚುಮದ್ದುಗಳು ಉರಿಯೂತವನ್ನು ತಗ್ಗಿಸಿದರೂ ಡೆಕ್ಸಾಮೆಥಾಸೋನ್‌ನಂಥ ಔಷಧ ಬೇಗ ಹರಡಿಹೋಗುತ್ತದೆ; ಗಾಯ ಮಾಯಲು ವಾರಗಳೇ ಬೇಕು. ಈ ಅಂತರ ತುಂಬಲು ದೇಹದಲ್ಲೇ ಕರಗುವ ಪಿಎಲ್‌ಜಿಎ ಎಂಬ ಪಾಲಿಮರ್‌ನ ಕಣಗಳಲ್ಲಿ ಅಥವಾ ಹೈಅಲುರಾನಿಕ್ ಆಮ್ಲದ ಜೆಲ್‌ನಲ್ಲಿ ಔಷಧವನ್ನು ಇರಿಸಲಾಗುತ್ತದೆ.

ಸ್ಟಿರಾಯ್ಡ್ ಹೆಚ್ಚು ಕಾಲ ಉಳಿದರೆ ಅಂಗಾಂಶ ಸವೆಯಬಹುದು, ಗಾಯ ಮಾಯುವುದು ತಡವಾಗಬಹುದು, ಸೋಂಕು ತಗಲಬಹುದು ಎಂಬ ಆಕ್ಷೇಪಕ್ಕೆ ಆಧಾರವಿದೆ. ಆದರೆ ಅದು ಪ್ರಮಾಣ ಮತ್ತು ಅವಧಿಗೆ ಮಿತಿ ಬೇಕೆನ್ನುತ್ತದೆಯೇ ಹೊರತು ವಿಧಾನವನ್ನೇ ತಳ್ಳಿಹಾಕುವುದಿಲ್ಲ. ಹಳೆಯ ಕಲೆ ಇದರಿಂದ ಕರಗುವ ಭರವಸೆಯಿಲ್ಲ. ಪ್ರಯೋಜನದ ನಿರೀಕ್ಷೆಯಿರುವುದು ಗಾಯದ ಆರಂಭದ ಹಂತದಲ್ಲಿ. ಔಷಧ ನಿಧಾನವಾಗಿ ಬಿಡುಗಡೆಯಾಗುವುದರಿಂದ, ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಕಡೆಗಳಿಂದ ತಜ್ಞರಿಗಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುವವರಿಗೆ ಮರುಚುಚ್ಚುಮದ್ದಿನ ಓಡಾಟ ತಗ್ಗುವುದು ಇದರ ಸಂಭಾವ್ಯ ಲಾಭ. ತಪಾಸಣೆ ಹಾಗೂ ಧ್ವನಿ ತರಬೇತಿಗೆ ಇದು ಬದಲಿಯಲ್ಲ.