ನೋಡಿದ ಚಿತ್ರವನ್ನೇ ಮತ್ತೆ ನೋಡುವುದು



ಹಳೆಯ ಚಲನಚಿತ್ರಗಳ ಮಾತು ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳಾಗುತ್ತವೆ. ‘ಆಗಿನ ಚಿತ್ರಗಳ ಮುಂದೆ ಈಗಿನವು ಏನೇನೂ ಅಲ್ಲ’ ಎನ್ನುವುದು ಹಿರಿಯರ ಪಕ್ಷ. ‘ಅಷ್ಟು ನಿಧಾನವಾಗಿ ಸಾಗುವುದನ್ನು ಯಾರು ಕೂತು ನೋಡುತ್ತಾರೆ’ ಎನ್ನುವುದು ಕಿರಿಯರ ಪಕ್ಷ. ನಾನು ಚಿತ್ರ ವಿಮರ್ಶಕನಲ್ಲ. ಬಿಡುವಾದಾಗ ಚಿತ್ರ ನೋಡುವ ಒಬ್ಬ ಸಾಮಾನ್ಯ ಪ್ರೇಕ್ಷಕ. ಆದರೆ ನಾನು ಓದಿದ್ದು ವಿಜ್ಞಾನ, ಮಾಡುವ ಕೆಲಸ ದೂರದರ್ಶನದ ಕಾರ್ಯಕ್ರಮ ನಿರ್ಮಾಣ. ಹೀಗಾಗಿ ಈ ವಾದ ಕಿವಿಗೆ ಬಿದ್ದಾಗ ನನ್ನಲ್ಲಿ ಏಳುವ ಪ್ರಶ್ನೆಗಳೇ ಬೇರೆ. ಅಂದು ನೋಡಿದ ಚಿತ್ರ ಮತ್ತು ಇಂದು ನೋಡುತ್ತಿರುವ ಚಿತ್ರ ಎರಡೂ ಒಂದೇ ಹೌದೇ? ಮತ್ತೆ ನೋಡಲು ಆ ಚಿತ್ರ ನಮಗೆ ಉಳಿದು ಬಂದದ್ದಾದರೂ ಹೇಗೆ? ಇವು ಇತಿಹಾಸದ ಪ್ರಶ್ನೆಗಳು. ಇವುಗಳನ್ನು ನಿಮ್ಮೊಂದಿಗೆ ವಿಚಾರ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಮರುನೋಟದ ಇತಿಹಾಸ

ಇಂದು ಬೇಕೆಂದಾಗ ಬೇಕಾದ ಚಿತ್ರವನ್ನು ಅಂಗೈಯಲ್ಲಿರುವ ಫೋನಿನಲ್ಲೇ ನೋಡಬಹುದು. ಅರ್ಧ ಶತಮಾನದ ಹಿಂದೆ ಒಂದು ಚಿತ್ರವನ್ನು ಮತ್ತೆ ನೋಡಬೇಕೆಂದರೆ ಮತ್ತೊಮ್ಮೆ ಟಿಕೆಟ್ ಕೊಳ್ಳುವುದೊಂದೇ ದಾರಿ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆಯಿತು. ಒಂದೇ ಚಿತ್ರಮಂದಿರದಲ್ಲಿ ಅಷ್ಟು ಕಾಲ ಜನ ಬರುತ್ತಿದ್ದರೆಂದರೆ, ಅವರಲ್ಲಿ ಅನೇಕರು ಎರಡನೆಯ, ಮೂರನೆಯ ಸಲ ಬಂದವರೇ ಆಗಿದ್ದರು. ನಿಮ್ಮ ತಾತ, ಅಜ್ಜಿಯರನ್ನು ಕೇಳಿ ನೋಡಿ. ಎಷ್ಟು ಸಲ ನೋಡಿದೆವೆಂದು ಲೆಕ್ಕ ಹೇಳುವವರು ಈಗಲೂ ಸಿಗುತ್ತಾರೆ.

ಹಳ್ಳಿಗಳ ಪಾಡು ಬೇರೆ. ಪಟ್ಟಣದಲ್ಲಿ ಓಡಿ ಮುಗಿದ ಪ್ರತಿ ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ, ಟೂರಿಂಗ್ ಟಾಕೀಸಿನ ಡೇರೆಗೆ ಬರುತ್ತಿತ್ತು. ಅಷ್ಟರಲ್ಲಿ ಅದು ನೂರಾರು ಸಲ ಪ್ರೊಜೆಕ್ಟರಿನ ಹಲ್ಲುಗಳ ನಡುವೆ ಹಾದಿರುತ್ತಿತ್ತು. ತೆರೆಯ ಮೇಲೆ ಮಳೆ ಸುರಿದಂತೆ ಗೀರುಗಳು. ರೀಲು ಹರಿದಾಗಲೆಲ್ಲ ಹರಿದ ತುದಿಗಳನ್ನು ಕತ್ತರಿಸಿ ಅಂಟಿಸಿದ್ದರಿಂದ ಮಾತಿನ ನಡುವೆ ನೆಗೆತಗಳು. ಹೀಗೆ ಒಂದೇ ಹೆಸರಿನ ಚಿತ್ರವನ್ನು ಪಟ್ಟಣದವರು ನೋಡಿದ್ದು ಒಂದು ಬಗೆ, ಹಳ್ಳಿಯವರು ನೋಡಿದ್ದು ಇನ್ನೊಂದು ಬಗೆ.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಮನೆಯ ನಡುಮನೆಗೆ ಚಿತ್ರ ಬಂದಿತು, ಟಿ.ವಿ. ಇಲ್ಲದ ನೆರೆಹೊರೆಯವರೂ ಬಂದರು. ಅದೇ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಗಳು ಬಂದವು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಹಳೆಯ ಕನ್ನಡ ಚಿತ್ರಗಳು ದಿನನಿತ್ಯದ ಮಾತಾದವು. ತಂದೆ ಕಾಲೇಜಿನಲ್ಲಿದ್ದಾಗ ನೋಡಿದ ಚಿತ್ರವನ್ನು ಮಗಳು ತನ್ನ ಕಾಲೇಜಿನ ದಿನಗಳಲ್ಲಿ ಅವರ ಪಕ್ಕದಲ್ಲೇ ಕೂತು ನೋಡುವುದು ಆಗ ಸಾಧ್ಯವಾಯಿತು.

ತೆರೆಯಿಂದ ಪೆಟ್ಟಿಗೆಗೆ

ಇಲ್ಲೊಂದು ಸಣ್ಣ ವಿಜ್ಞಾನದ ಪಾಠವಿದೆ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ತೆರೆಯ ಮೇಲೆ ಹಾಯುತ್ತವೆ. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25. ಹಾಗಾಗಿ ಚಿತ್ರದ ಸುರುಳಿಯನ್ನು ಟೆಲಿಸಿನೆ ಯಂತ್ರದಲ್ಲಿ ಹಾಕಿ ಟಿ.ವಿ.ಗೆ ಹೊಂದಿಸುವಾಗ ಅದನ್ನು 25ರ ವೇಗದಲ್ಲಿ ಓಡಿಸುವುದು ರೂಢಿಯಾಗಿತ್ತು. ಚಿತ್ರಮಂದಿರದಲ್ಲಿ 150 ನಿಮಿಷ ಓಡುವ ಚಿತ್ರ ಟಿ.ವಿ.ಯಲ್ಲಿ 144 ನಿಮಿಷಕ್ಕೆ ಮುಗಿಯುತ್ತದೆ. ಒಂದು ದೃಶ್ಯವನ್ನೂ ಕತ್ತರಿಸದೆ ಆರು ನಿಮಿಷ ಉಳಿತಾಯ! ಆದರೆ ವೇಗ ಹೆಚ್ಚಿದಂತೆ ಹಾಡಿನ ಶ್ರುತಿಯೂ ತುಸು ಮೇಲೇರುತ್ತದೆ. ಸಂಗೀತ ಬಲ್ಲವರ ಕಿವಿ ಇದನ್ನು ಹಿಡಿದೀತು. ನಮ್ಮಂಥವರಿಗೆ ತಿಳಿಯುವುದೇ ಇಲ್ಲ.

ಸಿನಿಮಾಸ್ಕೋಪ್ ಚಿತ್ರಗಳಿಗೆ ಇನ್ನೂ ಹೆಚ್ಚಿನ ನಷ್ಟವಾಯಿತು. ಅವುಗಳ ಚೌಕಟ್ಟಿನ ಅಗಲ ಎತ್ತರದ 2.35ರಷ್ಟು. ಹಳೆಯ ಟಿ.ವಿ. ಪರದೆಯ ಅಗಲ ಎತ್ತರದ 1.33ರಷ್ಟು ಮಾತ್ರ. ಪರದೆ ತುಂಬುವಂತೆ ತೋರಿಸಿದರೆ ಚಿತ್ರದ ನೂರರಲ್ಲಿ 43 ಭಾಗ ಹೊರಗುಳಿಯುತ್ತದೆ. ಎಡಗಡೆ ನಿಂತ ನಾಯಕ ಬಲಗಡೆ ಯಾರೊಂದಿಗೆ ಮಾತನಾಡುತ್ತಿದ್ದಾನೆ ಎಂಬುದೇ ಕಾಣದು. ‘ಹಳೆಯ ಚಿತ್ರಗಳಲ್ಲಿ ದೃಶ್ಯ ಜೋಡಣೆ ಸರಿಯಿಲ್ಲ’ ಎಂದು ಯಾರಾದರೂ ಹೇಳಿದರೆ, ಅವರು ನೋಡಿದ್ದು ಇಡೀ ಚಿತ್ರವನ್ನೇ ಅಥವಾ ಅದರ ಅರ್ಧವನ್ನೇ ಎಂದು ಕೇಳಬೇಕಾಗುತ್ತದೆ.

‘ನಾಗರಹಾವು’: ಒಂದು ಚಿತ್ರ, ಮೂರು ನೋಟ

ಚಿತ್ರ ಬದಲಾಗುವಂತೆ ನೋಡುವವರೂ ಬದಲಾಗುತ್ತಾರೆ. ಇದಕ್ಕೆ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ, 1972ರ ಕೊನೆಗೆ ಬಿಡುಗಡೆಯಾದ ‘ನಾಗರಹಾವು’ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದ ಈ ಚಿತ್ರದ ಬಹುಭಾಗ ಚಿತ್ರದುರ್ಗದ ಕೋಟೆಯಲ್ಲೇ ತಯಾರಾಯಿತು. ನಾಯಕನಾಗಿ ವಿಷ್ಣುವರ್ಧನ್ ಬೆಳಕಿಗೆ ಬಂದದ್ದು, ಅಂಬರೀಶ್ ಮೊದಲ ಸಲ ತೆರೆಯ ಮೇಲೆ ಕಂಡದ್ದು ಇದರಲ್ಲೇ.

ಹೈಸ್ಕೂಲಿನ ವಯಸ್ಸಿನಲ್ಲಿ ಇದನ್ನು ಟಿ.ವಿ.ಯಲ್ಲಿ ನೋಡಿದಾಗ ನನಗೆ ಕಂಡವನು ರಾಮಾಚಾರಿ ಒಬ್ಬನೇ. ಅವನ ಸಿಟ್ಟು, ಅವನ ಹಟ, ಯಾರಿಗೂ ಬಗ್ಗದ ಸ್ವಭಾವ. ಆ ವಯಸ್ಸಿಗೆ ಅಷ್ಟೇ ಸಾಕಾಗಿತ್ತು.

ಕೆಲಸಕ್ಕೆ ಸೇರಿ, ಮಕ್ಕಳ ತಂದೆಯಾದ ಮೇಲೆ ನೋಡಿದಾಗ ಕಂಡವರು ಕೆ.ಎಸ್. ಅಶ್ವತ್ಥ್ ಅಭಿನಯದ ಚಾಮಯ್ಯ ಮೇಷ್ಟ್ರು. ಜಗತ್ತಿನಲ್ಲಿ ರಾಮಾಚಾರಿ ತಲೆಬಾಗುವುದು ಅವರೊಬ್ಬರಿಗೆ. ಅಲಮೇಲುವನ್ನು ಮರೆತುಬಿಡು ಎಂದು ಅವರು ಹೇಳುತ್ತಾರೆ. ಶಿಷ್ಯ ಮರುಮಾತಿಲ್ಲದೆ ಒಪ್ಪುತ್ತಾನೆ. ಮದುವೆಯಾಗಿ ಹೋದ ಅಲಮೇಲುವನ್ನು ಅವಳ ಗಂಡನೇ ವೇಶ್ಯಾವೃತ್ತಿಗೆ ನೂಕುತ್ತಾನೆ. ಕೊನೆಗೆ ಮೇಷ್ಟ್ರು, ರಾಮಾಚಾರಿ, ಮಾರ್ಗರೆಟ್ ಮೂವರೂ ಬೆಟ್ಟದ ಮೇಲೆ ಪ್ರಾಣ ಕಳೆದುಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನ ಹಿರಿಯನೊಬ್ಬ, ತನ್ನ ಮೇಲಿರುವ ನಂಬಿಕೆಯ ಬಲದಿಂದಲೇ, ಎಂಥ ಅನಾಹುತಕ್ಕೆ ಕಾರಣನಾಗಬಹುದು! ಹುಡುಗನಾಗಿದ್ದಾಗ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

2018ರಲ್ಲಿ ‘ನಾಗರಹಾವು’ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ಬಂದಿತು. ಇಂದಿನ ವಿದ್ಯಾರ್ಥಿನಿಯೊಬ್ಬಳು ಅದನ್ನು ನೋಡಿದರೆ ಕೇಳುವ ಪ್ರಶ್ನೆ ಮೂರನೆಯದು: ‘ಮೇಷ್ಟ್ರು ಹೇಳಿದರು, ರಾಮಾಚಾರಿ ಒಪ್ಪಿದ, ಸರಿ. ಅಲಮೇಲುವನ್ನು ಯಾರು ಕೇಳಿದರು?’ ಪ್ರೀತಿಸಿದ ಹುಡುಗಿಯ ಬೆನ್ನು ಹತ್ತುವ ನಾಯಕನನ್ನು 1972ರ ಪ್ರೇಕ್ಷಕರು ಹುಡುಗಾಟವೆಂದು ನಕ್ಕು ಬಿಟ್ಟರು. ಇಂದಿನ ಹುಡುಗಿಯರು ಹಾಗೆ ನಗಲಾರರು. ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕಾಗಿ ಚಿತ್ರವನ್ನು ಮೂಲೆಗೆಸೆಯಬೇಕಾಗಿಲ್ಲ. ಅಂದಿನ ಜನ ಯಾವುದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದರು ಎಂಬುದಕ್ಕೆ ಅದೇ ಅಲ್ಲವೇ ಸಾಕ್ಷಿ? ಶಾಸನ ಓದುವವರು ರಾಜನ ಹೊಗಳಿಕೆಯನ್ನು ಹಾಗೆಯೇ ನಂಬುವುದಿಲ್ಲ. ಅದರ ನಡುವೆ ಇಣುಕುವ ಊರಿನ ಹೆಸರು, ತೆರಿಗೆಯ ಲೆಕ್ಕಗಳನ್ನು ಹುಡುಕುತ್ತಾರೆ. ಜನಪ್ರಿಯ ಚಿತ್ರವನ್ನೂ ಹಾಗೆ ಓದಬಹುದು.

ಅದೇ ಎಚ್ಚರ ಇನ್ನೊಂದು ಕಡೆಗೂ ಬೇಕು. ಇದೇ ಚಿತ್ರದ ಒಂದು ಹಾಡಿನಲ್ಲಿ ಜಯಂತಿಯವರು ಒನಕೆ ಓಬವ್ವನಾಗಿ ಕಾಣಿಸಿಕೊಂಡರು. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಎದುರಿಸಿದ ಆ ವೀರ ಮಹಿಳೆಯ ಮುಖ ಎಂದರೆ ಕನ್ನಡಿಗರ ಪೈಕಿ ಬಹಳ ಮಂದಿಗೆ ಇಂದಿಗೂ ನೆನಪಾಗುವುದು ಜಯಂತಿಯವರದೇ. ಚಿತ್ರ ಕೊಟ್ಟ ಆ ರೂಪ 1972ರದು. ಘಟನೆ 18ನೆಯ ಶತಮಾನದ್ದು. ಇವೆರಡರ ನಡುವಿನ ಅಂತರವನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

ಬಣ್ಣ ಬಳಿದಾಗ

ಇನ್ನು ಕೆಲವು ಚಿತ್ರಗಳು ಹೊಸ ಬಣ್ಣ ತೊಟ್ಟು ಬಂದವು. 1964ರ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಆದರೆ ಬಣ್ಣದ ಖರ್ಚು ದುಬಾರಿಯಾಗಿದ್ದರಿಂದ ಮುಂದೆಯೂ ಅನೇಕ ವರ್ಷ ಕಪ್ಪು-ಬಿಳುಪಿನ ಚಿತ್ರಗಳೇ ಹೆಚ್ಚಾಗಿ ಬಂದವು. ಅವುಗಳಲ್ಲಿ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಕಂಪ್ಯೂಟರಿನ ನೆರವಿನಿಂದ ಬಣ್ಣ ಪಡೆದು ಮತ್ತೆ ಬಿಡುಗಡೆಯಾದವು.

ಕಪ್ಪು-ಬಿಳುಪಿನ ಸುರುಳಿಯಲ್ಲಿ ದಾಖಲಾಗಿರುವುದು ಬೆಳಕಿನ ಪ್ರಮಾಣ ಮಾತ್ರ. ಒಂದು ಕೆಂಪು ಸೀರೆ, ಒಂದು ಹಸಿರು ಸೀರೆ ಎರಡೂ ಒಂದೇ ಬಗೆಯ ಬೂದು ಛಾಯೆಯಾಗಿ ಮೂಡಬಹುದು. ಸೀರೆ ನಿಜಕ್ಕೂ ಯಾವ ಬಣ್ಣದ್ದಾಗಿತ್ತು ಎಂದು ಆ ಸುರುಳಿ ಹೇಳಲಾರದು. ಆದ್ದರಿಂದ ಈಗ ನಾವು ಕಾಣುವ ಬಣ್ಣ ಮರಳಿ ಪಡೆದದ್ದಲ್ಲ, ಹೊಸದಾಗಿ ಊಹಿಸಿ ಸೇರಿಸಿದ್ದು. ಎಲ್ಲವನ್ನೂ ಕೊಟ್ಟು ಬರಿಗೈಯಾಗುವ ಬೆಂಕಿಪೊಟ್ಟಣ ಕಾರ್ಖಾನೆಯ ಒಡೆಯನ ದುಃಖವನ್ನು ‘ಕಸ್ತೂರಿ ನಿವಾಸ’ದ ಛಾಯಾಗ್ರಹಣ ನೆರಳು-ಬೆಳಕಿನಲ್ಲೇ ಕಟ್ಟಿಕೊಟ್ಟಿತ್ತು. ಬಣ್ಣದ ಪ್ರತಿ ಹೊಸ ತಲೆಮಾರನ್ನು ಚಿತ್ರಮಂದಿರಕ್ಕೆ ಕರೆತಂದಿತು ಎಂಬುದು ಸಂತೋಷದ ಸಂಗತಿ. ಮೂಲ ಪ್ರತಿಯೂ ಅದರ ಪಕ್ಕದಲ್ಲಿ ಉಳಿದಿರಬೇಕು, ಅಷ್ಟೇ.

ಮತ್ತೆ ನೋಡಲಾಗದ ಚಿತ್ರಗಳು

ಉಳಿದಿರಬೇಕು ಎಂದೆ. ಉಳಿಯದ ಚಿತ್ರಗಳ ಪಟ್ಟಿ ಬಹಳ ದೊಡ್ಡದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶನ, ಕೊಲ್ಹಾಪುರದಲ್ಲಿ ಚಿತ್ರೀಕರಣ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ತಾರಾಗಣ. ಜನ ಮುಗಿಬಿದ್ದು ನೋಡಿದ ಈ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಗತಿಯೂ ಅದೇ. ನಮ್ಮ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು ಸುಮಾರು 30.

ಇದಕ್ಕೆ ಕಾರಣಗಳು ಹಲವು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಸುರುಳಿ ಬೇಗ ಹೊತ್ತಿಕೊಳ್ಳುವಂಥದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. ಆಮೇಲೆ ಬಂದ ಅಸಿಟೇಟ್ ಸುರುಳಿಗೆ ಬೆಂಕಿಯ ಭಯ ಕಡಿಮೆ. ಆದರೆ ಸೆಕೆ ಮತ್ತು ತೇವದಲ್ಲಿ ಅದು ಕೊಳೆತು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ. ಹುಟ್ಟಿದ ಆಮ್ಲ ಕೊಳೆತವನ್ನು ಇನ್ನಷ್ಟು ವೇಗಗೊಳಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಮನುಷ್ಯರದು. ಓಡಿ ಮುಗಿದ ಚಿತ್ರದ ಸುರುಳಿ ಗೋದಾಮಿನ ಜಾಗ ತಿನ್ನುವ ಸರಕು ಎಂಬ ಭಾವನೆ ಇತ್ತು. ಅದರ ಲೇಪದಲ್ಲಿರುವ ಬೆಳ್ಳಿಗಾಗಿ ಕರಗಿಸಲು ಮಾರಿದವರೂ ಇದ್ದರು. ಎಲ್ಲರೂ ನೋಡಿದ ಚಿತ್ರವನ್ನು ಯಾರೋ ಇಟ್ಟಿರುತ್ತಾರೆಂದು ಎಲ್ಲರೂ ಭಾವಿಸಿದರು.

ಆ ‘ಯಾರೋ’ ಆಗಲು ಮುಂದೆ ಬಂದವರಲ್ಲಿ ಪಿ.ಕೆ. ನಾಯರ್ ಅವರ ಹೆಸರು ನಿಮಗೆ ತಿಳಿದಿರಬೇಕು. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಅವರು. ಅಂಥ ದುಡಿಮೆಯ ಫಲಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಪುಣೆಯಲ್ಲಿ ಕಾಪಿಟ್ಟಿದ್ದ ಅದರ ಮೂಲ ನೆಗೆಟಿವ್‌ನಿಂದ ಚಿತ್ರವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ‘ಸತಿ ಸುಲೋಚನಾ’ಗೆ ಆ ಭಾಗ್ಯ ಇನ್ನು ಬರುವಂತಿಲ್ಲ. ಎರಡರ ನಡುವಿನ ವ್ಯತ್ಯಾಸ ಒಂದು ತಗಡಿನ ಡಬ್ಬಿ, ಒಂದು ತಂಪಾದ ಕೋಣೆ, ಅದನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿ.

ನೀವು ಮಾಡಬಹುದಾದದ್ದು

ಮುಂದಿನ ಸಲ ಮನೆಯಲ್ಲಿ ಹಳೆಯ ಚಿತ್ರವೊಂದನ್ನು ಹಾಕಿದಾಗ ಎದ್ದು ಹೋಗಬೇಡಿ. ಅದನ್ನು ಮೊದಲು ನೋಡಿದವರ ಪಕ್ಕದಲ್ಲಿ ಕೂತುಕೊಳ್ಳಿ. ಎಲ್ಲಿ ನೋಡಿದಿರಿ, ಟಿಕೆಟ್ ಎಷ್ಟಿತ್ತು, ಆಗ ಯಾರು ಇಷ್ಟವಾದರು, ಈಗ ಯಾರು ಇಷ್ಟವಾಗುತ್ತಾರೆ ಎಂದು ಕೇಳಿ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತೆರೆಯ ಹಿನ್ನೆಲೆಯಲ್ಲಿ ಕಾಣುವ ರಸ್ತೆ, ಬಸ್ಸು, ಬಾವಿ, ಅಂಗಡಿಯ ಬೋರ್ಡುಗಳನ್ನೂ ಗಮನಿಸಿ. ಚಿತ್ರ ತೆಗೆದವರು ಅವನ್ನು ತೋರಿಸಬೇಕೆಂದು ತೋರಿಸಿದ್ದಲ್ಲ. ಆ ಕಾರಣಕ್ಕೇ ಅವು ನಂಬತಕ್ಕ ಸಾಕ್ಷಿಗಳು. ಹಳೆಯ ಚಿತ್ರಪೆಟ್ಟಿಗೆಗಳು, ಹಾಡಿನ ಪುಸ್ತಕಗಳು, ಭಿತ್ತಿಪತ್ರಗಳು ನಿಮ್ಮ ಊರಿನ ಯಾವುದಾದರೂ ಅಟ್ಟದಲ್ಲಿದ್ದರೆ, ಅವನ್ನು ರದ್ದಿಗೆ ಹಾಕುವ ಮೊದಲು ನಿಮ್ಮ ಇತಿಹಾಸದ ಅಧ್ಯಾಪಕರಿಗೆ ಒಮ್ಮೆ ತೋರಿಸಿ.